ಹಿಡಿ ಅಕ್ಕಿಯ ಕೆಳಗಿನ ಖಾಲಿ ಸಾಲು

ಹದಿನಾಲ್ಕನೇ ತೂಬು,
ಹೂಳೆತ್ತಿದ ಅರವತ್ತಮೂರನೇ ವರ್ಷ, ಎರಡನೇ ನೀರು ಬಿಟ್ಟ ಒಂಬತ್ತನೇ ದಿನ, ಬುಧವಾರ.

ಹುಲಿಗೆಮ್ಮನಿಗೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಎಪ್ಪತ್ತೆರಡನೇ ಇಸವಿ. ನನಗೆ ಎಂಟು ವರ್ಷವಾಗಿದ್ದಾಗ ಅಣೆಕಟ್ಟಿನ ಹೂಳನ್ನು ಪೂರಾ ಎತ್ತಿದರು. ಒಣಗಿ ಬಿದ್ದಿದ್ದ ಕಾಲುವೆಗೆ ಮತ್ತೆ ನೀರು ಬಂದ ಆ ವರ್ಷದಿಂದ ನಮ್ಮ ಕಡೆಯವರು ವರ್ಷಗಳನ್ನು ಹೊಸದಾಗಿ ಎಣಿಸಲು ಶುರು ಮಾಡಿದರು. ತಿಂಗಳುಗಳ ಹೆಸರೂ ಬಳಕೆ ತಪ್ಪಿದೆ. ಮುಂಗಾರಿಗೆ ಬಿಡುವುದು ಮೊದಲ ನೀರು, ಹಿಂಗಾರಿಗೆ ಬಿಡುವುದು ಎರಡನೇ ನೀರು. ಹುಟ್ಟು, ಸಾವು, ಮದುವೆ, ಚುನಾವಣೆ ಎಲ್ಲವೂ ಈ ಎರಡು ನೀರಿನ ನಡುವೆಯೇ ಆಗುತ್ತವೆ. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಕಾಗದಗಳನ್ನು ಓದಿ ಕಲಿತವಳು ನಾನು. ನಡುವೆ ನಮ್ಮ ಕಾಲದ ಮಾತುಗಳು ನುಸುಳಿದರೆ ಹೊಟ್ಟೆಗೆ ಹಾಕಿಕೋ. ಅರ್ಥವನ್ನು ಅಲ್ಲಲ್ಲೇ ಹೇಳುತ್ತಾ ಹೋಗುತ್ತೇನೆ.

ನಾನು ದುರುಗಮ್ಮ. ಈಗ ನಿನ್ನ ಸೆರಗು ಹಿಡಿದು ಮಿಲ್ಲಿನ ಅಂಗಳದಲ್ಲಿ ಓಡಾಡುತ್ತಿರುವ ನಿನ್ನ ಮಗಳು ನನಗೆ ಮುತ್ತಜ್ಜಿ. ನೀನು ಮುತ್ತಜ್ಜಿಯ ಅವ್ವ. ಆದರೆ ಈ ಕಾಗದ ನಿನ್ನ ಕೈಗೆ ಸಿಗುವಾಗ ನಿನಗೆ ಮೂವತ್ತನಾಲ್ಕು, ನನಗೆ ಎಪ್ಪತ್ತೊಂದು. ಯಾರು ಯಾರ ಕಾಲಿಗೆ ಬೀಳಬೇಕೋ ನನಗೆ ತಿಳಿಯದು. ಬೈಯುವ ಹಕ್ಕು ಮಾತ್ರ ನಿನಗೇ ಇರಲಿ.

ಕಾಗದ ಹೇಗೆ ಬರುತ್ತದೆ ಎಂದು ಕೇಳುತ್ತೀಯೇನೋ. ನಮ್ಮಲ್ಲಿ ಹಿಂದಂಚೆ ಎಂಬ ಒಂದು ಕಚೇರಿ ಇದೆ. ಎಪ್ಪತ್ತು ದಾಟಿದವರು ಹಿಂದಿನವರಿಗೆ ಒಂದೇ ಒಂದು ಕಾಗದ ಕಳಿಸಬಹುದು. ಅದರಲ್ಲಿ ಯಾರ ಸಾವಿನ ದಿನವನ್ನೂ ಬರೆಯುವಂತಿಲ್ಲ. ಬಹಳ ಜನ ಜಮೀನಿನ ವಿಷಯ ಬರೆಯುತ್ತಾರಂತೆ, ಆ ಹೊಲ ಮಾರಬೇಡ, ಈ ಸೈಟು ಬಿಡಬೇಡ ಎಂದು. ಅಲ್ಲಿಯ ಗುಮಾಸ್ತೆಗೆ ಕೇಳಿದೆ, ಕಾಗದ ಮುಟ್ಟುತ್ತದೆಯೇ ಅಂತ. "ಮುಟ್ಟಿದ್ದಕ್ಕ ರಸೀದಿ ಬರಂಗಿಲ್ಲ ನೋಡವ್ವ, ಕಳಸೂದಷ್ಟ ನಮ್ಮ ಕೆಲಸ" ಎಂದಳು. ನಾನು ಹೊಲದ ವಿಷಯ ಬರೆಯುವುದಿಲ್ಲ. ನೀವು ಹನ್ನೊಂದು ಜನ ಹಮಾಲಿ ಹೆಂಗಸರು ಅಕ್ಕಿ ಮಿಲ್ಲಿನ ಹಿಂದಿನ ಬೇವಿನ ಗಿಡದ ಕೆಳಗೆ ಪಕ್ಷದ ನಿಯಮ ಬರೆಯಲು ಕೂರುತ್ತೀರಲ್ಲ, ಅದಕ್ಕೆ ಮೊದಲು ಇದು ನಿನಗೆ ಸಿಗಲಿ ಎಂದು ತಾರೀಖು ಹಾಕಿಸಿದ್ದೇನೆ. ನನಗೆ ಬೇಕಾಗಿರುವುದು ಆ ನಿಯಮದಲ್ಲಿ ಒಂದೇ ಒಂದು ಸಾಲು.

ಹೌದು, ನಿಮ್ಮ ಪಕ್ಷ ಬದುಕಿದೆ. ಬದುಕಿದೆ ಮಾತ್ರವಲ್ಲ, ದುಡಿಮೆ ಪಕ್ಷ ಈ ನಾಡನ್ನು ಇಪ್ಪತ್ತೊಂದು ವರ್ಷಗಳಿಂದ ಆಳುತ್ತಿದೆ. ಓದಿ ನಿನ್ನ ಮುಖ ಅರಳಿರಬಹುದು. ಸ್ವಲ್ಪ ತಡೆ.

ಊರು ಹೇಗಿದೆ ಎಂದು ಮೊದಲು ಹೇಳುತ್ತೇನೆ. ನೀವು ಕ್ಯಾಂಪು ಎನ್ನುತ್ತಿದ್ದ ಜಾಗ ಈಗ ದೊಡ್ಡ ಪೇಟೆ. ಕಾಲುವೆಯ ಹದಿನಾಲ್ಕನೇ ತೂಬಿನ ಬಳಿ ಬೆಳೆದದ್ದರಿಂದ ಊರಿಗೇ ಹದಿನಾಲ್ಕನೇ ತೂಬು ಎಂಬ ಹೆಸರು ಬಿತ್ತು. ಅಕ್ಕಿ ಮಿಲ್ಲುಗಳು ಇವೆ, ಹೊಟ್ಟಿನ ಧೂಳು ಇದೆ, ಹಮಾಲರು ಇದ್ದಾರೆ. ಯಂತ್ರಗಳು ಬಂದರೆ ಮೂಟೆ ಹೊರುವುದು ತಪ್ಪುತ್ತದೆ ಎಂದು ನಿಮ್ಮ ಕಾಲದವರು ಅಂದುಕೊಂಡಿದ್ದರಂತೆ. ಯಂತ್ರಕ್ಕಿಂತ ಹೆಂಗಸರ ಕೂಲಿ ಇವತ್ತಿಗೂ ಅಗ್ಗ. ಬಂದದ್ದು ಬೆನ್ನುಗೂಡು. ಹೆಗಲಿನಿಂದ ಸೊಂಟದವರೆಗೆ ಕಟ್ಟಿಕೊಳ್ಳುವ ಲೋಹದ ಚೌಕಟ್ಟು ಅದು. ಭಾರವನ್ನು ಅದು ಹೊರುತ್ತದೆ, ಅದನ್ನು ನಾವು ಹೊರುತ್ತೇವೆ. ಮೊದಲ ವರ್ಷ ಎಲ್ಲರಿಗೂ ಖುಷಿ, ಸೊಂಟ ನೋವು ಹೋಯಿತು ಎಂದು. ಆಮೇಲೆ ಮಿಲ್ಲಿನವರು ಐವತ್ತು ಕಿಲೋ ಮೂಟೆಯನ್ನು ಎಂಬತ್ತಕ್ಕೆ ಏರಿಸಿದರು. ಗೂಡು ಇದೆಯಲ್ಲ, ಹೊರಿ ಎಂದರು.

ನಾನೂ ಹೊತ್ತಿದ್ದೇನೆ. ಇಪ್ಪತ್ತನೇ ವಯಸ್ಸಿನಿಂದ ಹದಿನೈದು ವರ್ಷ, ಗೂಡು ಬರುವುದಕ್ಕೂ ಮುಂಚೆ, ಬರೀ ಬೆನ್ನಿನ ಮೇಲೆ. ನನ್ನ ಜೋಡಿ ಹುಸೇನಮ್ಮ. ಮೂಟೆ ಎತ್ತಿಕೊಡಲು ಇಬ್ಬರು ಬೇಕು, ಹಾಗಾಗಿ ಹಮಾಲಿಯಲ್ಲಿ ಜೋಡಿ ಎಂದರೆ ಗಂಡನಿಗಿಂತ ಹೆಚ್ಚು ಎಂದು ತಮಾಷೆ ಮಾಡುತ್ತಾರೆ. ಅವಳು ಗಿಡ್ಡಿ, ನಾನು ಉದ್ದ. ಲಾರಿಯ ಹಲಗೆಯ ಮೇಲೆ ನಾನು ಬಾಗಬೇಕು, ಅವಳು ತುದಿಗಾಲಲ್ಲಿ ನಿಲ್ಲಬೇಕು. ದಿನಾ ಬೈದಾಡುತ್ತಿದ್ದೆವು. ದಿನಾ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು.

ಪಕ್ಷದೊಳಗೆ ನನ್ನನ್ನು ಕರೆತಂದವಳೂ ಅವಳೇ. ಆಗ ನಿಮ್ಮ ಕಾಲದ ಪದ್ಧತಿ ಹಾಗೆಯೇ ನಡೆಯುತ್ತಿತ್ತು. ಗುರುವಾರ ಸಂತೆಯ ರಜೆ, ಅವತ್ತು ಚೀಲ ಹಿಡಿದು ಓಣಿಗೆ ಒಬ್ಬಳು ಹೋಗಬೇಕು. ಪ್ರತಿ ಮನೆಯಿಂದ ಒಂದು ಹಿಡಿ ಅಕ್ಕಿ. ಹೋದ ಕೂಡಲೇ ಅಕ್ಕಿ ಸಿಗುತ್ತಿರಲಿಲ್ಲ. ಚೀಲವನ್ನು ಹೊಸ್ತಿಲ ಪಕ್ಕ ಇಟ್ಟು ಕಟ್ಟೆಯ ಮೇಲೆ ಕೂರಬೇಕು. ಮನೆಯಾಕೆ ಬಂದು ಎದುರಿಗೆ ಕೂರುತ್ತಾಳೆ. ಆಮೇಲೆ ಶುರು. ನಲ್ಲಿಯಲ್ಲಿ ನೀರಿಲ್ಲ, ಮೇಸ್ತ್ರಿ ಕೈ ಹಿಡಿದ, ನಿಮ್ಮ ಲೀಡರು ಎದುರಿಗೆ ಬಂದರೂ ಮಾತಾಡಿಸಲಿಲ್ಲ, ಹೋದ ವಾರ ಹೇಳಿದ್ದು ಏನಾಯಿತು, ನಿನ್ನ ಮಾತಿಗೆ ಬೆಂಕಿ ಹಾಕ. ಇಷ್ಟೆಲ್ಲ ಮುಗಿದ ಮೇಲೆ ಒಳಗೆ ಹೋಗಿ ಹಿಡಿ ತುಂಬಿ ತಂದು ಹಾಕುವಳು. ಅಕ್ಕಿ ಹಾಕಿದವಳಿಗೆ ಬೈಯುವ ಹಕ್ಕಿತ್ತು. ನಾವೆಲ್ಲ ಅದನ್ನು ಬೈಗುಳದ ಗುರುವಾರ ಎನ್ನುತ್ತಿದ್ದೆವು. ಶುಕ್ರವಾರ ಬೇವಿನ ಗಿಡದ ಕೆಳಗೆ ಆ ಅಕ್ಕಿಯನ್ನೇ ಬೇಯಿಸಿ ಎಲ್ಲರೂ ಉಣ್ಣುತ್ತಾ ಯಾವ ಓಣಿಯಲ್ಲಿ ಯಾರು ಏನು ಬೈದರು ಎಂದು ಹೇಳಬೇಕಿತ್ತು. ಪಕ್ಷ ಮಾಡಿದ ಒಳ್ಳೆಯ ಕೆಲಸಗಳೆಲ್ಲ ಆ ಊಟದಲ್ಲಿ ಹುಟ್ಟಿದವು. ಚುನಾವಣೆಗೆ ನಡೆದು ತಿರುಗುವವರ ಹೊಟ್ಟೆ ತುಂಬಿಸುತ್ತಿದ್ದುದೂ ಆ ಅಕ್ಕಿಯೇ.

ನಲವತ್ತೊಂಬತ್ತನೇ ವಯಸ್ಸಿಗೆ ನಾನು ಪಕ್ಷದ ಚೀಲದಾಕೆಯಾದೆ. ಉಳಿದ ಪಕ್ಷಗಳಲ್ಲಿ ಖಜಾಂಚಿ ಎನ್ನುತ್ತಾರೆ, ನಮ್ಮಲ್ಲಿ ಆ ಹುದ್ದೆಯ ಹೆಸರೇ ಚೀಲದಾಕೆ. ಬಹಳ ಹೆಮ್ಮೆಪಟ್ಟೆ. ಅದೇ ವರ್ಷ ನಾವು ಮೂರನೇ ಸಲ ಸೋತೆವು.

ಸೋಲಿಗೆ ಕಾರಣ ಗೋಡೆ. ಪ್ರತಿ ಓಣಿಯ ಬಾಯಲ್ಲಿ ಎರಡಾಳೆತ್ತರದ ಹೊಳೆಯುವ ಮಾತುಗೋಡೆ ನಿಂತಿರುತ್ತದೆ. ನೀರಿನ ಪಾಳಿ, ಪಡಿತರ ಬಂದ ಸುದ್ದಿ, ಸತ್ತವರ ಹೆಸರು, ಮದುವೆಯ ಕರೆ ಎಲ್ಲ ಅದರ ಮೇಲೆಯೇ ಬರುತ್ತದೆ, ಅದು ಮಾತೂ ಆಡುತ್ತದೆ. ಚುನಾವಣೆಯೂ ಅದರ ಮೇಲೆಯೇ ನಡೆಯುತ್ತದೆ. ಗೋಡೆಯಲ್ಲಿ ಮುಖ ಕಾಣಿಸದ ಅಭ್ಯರ್ಥಿ ಕಣದಲ್ಲಿದ್ದಾನೆ ಎಂದೇ ಜನಕ್ಕೆ ಅನ್ನಿಸುವುದಿಲ್ಲ. ಗೋಡೆಯ ಮೇಲೆ ಕಾಣುವ ಹೊತ್ತನ್ನು ಕೊಳ್ಳಬೇಕು, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆ ಬೆಲೆಗೆ ನಮ್ಮ ಅಕ್ಕಿಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ನಮ್ಮ ಹೆಂಗಸರು ಓಣಿ ಓಣಿ ನಡೆದು ಕೇಳಿದರೆ ಜನ ಪ್ರೀತಿಯಿಂದ ಚಹಾ ಕೊಟ್ಟು, "ನಿಮ್ಮವರು ನಿಂತಾರೇನ? ಗ್ವಾಡ್ಯಾಗ ಕಾಣಲೇ ಇಲ್ಲಲ್ಲ" ಎನ್ನುತ್ತಿದ್ದರು.

ಅದೇ ಸಮಯಕ್ಕೆ ಸಮಕಣ ಕಾಯ್ದೆ ಬಂತು. ಕೇಳಲು ಬಹಳ ಚೆನ್ನಾಗಿತ್ತು, ಈಗಲೂ ಓದಿದರೆ ಚೆನ್ನಾಗಿಯೇ ಇದೆ. ಕಂಪನಿಗಳು, ಮಿಲ್ಲುಗಳು ಇನ್ನು ಮೇಲೆ ಯಾವ ಪಕ್ಷಕ್ಕೂ ನೇರವಾಗಿ ಹಣ ಕೊಡುವಂತಿಲ್ಲ; ಎಲ್ಲರೂ ಒಂದೇ ನಿಧಿಗೆ ಹಾಕಬೇಕು; ನಿಧಿ ಅದನ್ನು ಪಕ್ಷಗಳಿಗೆ ಬಿದ್ದ ಮತದ ಪ್ರಕಾರ ಹಂಚಬೇಕು. ಲಂಚವಿಲ್ಲ, ಗುಟ್ಟಿಲ್ಲ. ಷರತ್ತುಗಳು ಎರಡೇ. ನಿಧಿಯಿಂದ ತೆಗೆದುಕೊಂಡ ಪಕ್ಷ ಬೇರೆ ಯಾರಿಂದಲೂ, ಒಂದು ಹಿಡಿ ಅಕ್ಕಿಯನ್ನೂ, ತೆಗೆದುಕೊಳ್ಳುವಂತಿಲ್ಲ. ಮತ್ತೆ, ನಿಧಿಗೆ ಹಾಕಿದವರ ಕಸುಬಿಗೆ ತಗಲುವ ಯಾವ ಕಾಯ್ದೆಯಾದರೂ ಮೊದಲು ತೂಕಸಮಿತಿಗೆ ಹೋಗಬೇಕು. ಆ ಸಮಿತಿಯಲ್ಲಿ ಅರ್ಧ ಜನ ಶಾಸಕರು, ಅರ್ಧ ಜನ ನಿಧಿಗೆ ಹಾಕಿದವರು. ಅವರು ವಾಪಸ್ಸು ಕಳಿಸಿದ ಕಾಯ್ದೆಯನ್ನು ಎರಡು ವರ್ಷ ಮತ್ತೆ ತರುವಂತಿಲ್ಲ.

ನಿಧಿಯನ್ನು ಒಪ್ಪುವುದೋ ಬೇಡವೋ ಎಂದು ಪಕ್ಷದ ಸಭೆ ಕೂತಾಗ ಎರಡನೇ ಷರತ್ತಿನ ಬಗ್ಗೆ ಮೂರು ದಿನ ಜಗಳವಾಯಿತು. ಮೊದಲನೆಯದರ ಬಗ್ಗೆ ಯಾರೂ ಉಸಿರೆತ್ತಲಿಲ್ಲ, ಯಾಕೆಂದರೆ ಆ ಭಾಗ ನನ್ನದು. ನಾನು ಎದ್ದು ನಿಂತು ಹೇಳಿದ ಮಾತು ಅಕ್ಷರ ಅಕ್ಷರ ನೆನಪಿದೆ. "ಬಡವರ ಗಡಿಗ್ಯಾಗ ಕೈ ಹಾಕೂದು ಇನ್ನ ಸಾಕು. ಉಳ್ಳವರ ಕಡೆ ತಗೊಂಡು ಬಡವರ ಕೆಲಸ ಮಾಡೂಣು." ಚಪ್ಪಾಳೆ ಬಿತ್ತು. ಚೀಲ ಹೊತ್ತು ಹೊತ್ತು ಬೆನ್ನು ಬಾಗಿದ್ದ ಒಬ್ಬ ಮುದುಕಿ ಹಿಂದಿನ ಸಾಲಿನಿಂದ, "ಹಂಗಾರ ಗುರುವಾರ ನಾವು ಏನ್ ಮಾಡೂದವ್ವ?" ಎಂದು ಕೇಳಿದಳು. ಎಲ್ಲರೂ ನಕ್ಕರು. "ಗುರುವಾರ ಆರಾಮ ಮನ್ಯಾಗ ಇರ್ರಿ" ಎಂದೆ. ಇನ್ನೂ ಜೋರಾಗಿ ನಕ್ಕರು. ನನಗೆ ಮೋಸದ ಬುದ್ಧಿ ಇರಲಿಲ್ಲ, ಹುಲಿಗೆಮ್ಮ. ಅರ್ಧ ಹೊಟ್ಟೆ ಉಣ್ಣುವ ಮನೆಯಿಂದ ಹಿಡಿ ಅಕ್ಕಿ ತರುವುದು ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ನಾನು ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಆಮೇಲೆ ಎಲ್ಲವೂ ಸಲೀಸಾಗಿ ನಡೆಯಿತು. ಗೋಡೆಯ ಮೇಲೆ ನಮ್ಮ ಮುಖಗಳು ಬಂದವು. ಚೀಲದ ಹೆಂಗಸರ ಬದಲು ಗೋಡೆಗೆ ಬರೆಯುವವರನ್ನು ಸಂಬಳಕ್ಕೆ ಇಟ್ಟುಕೊಂಡೆವು, ಚುರುಕಾದ ಹುಡುಗಿಯರು, ಕೆಲಸ ಬಲ್ಲವರು. ಟಿಕೆಟ್ಟು ಕೊಡುವಾಗ ಯಾರಿಗೆ ಯಾವ ಓಣಿ ಗೊತ್ತು ಎಂದು ಕೇಳುವುದು ನಿಂತಿತು. ಗೋಡೆಯಲ್ಲಿ ಯಾರು ಚೆನ್ನಾಗಿ ಕಾಣುತ್ತಾರೆ ಎಂದು ಕೇಳತೊಡಗಿದೆವು. ಕಚೇರಿ ಬೇವಿನ ಗಿಡದಿಂದ ಕಲ್ಲಿನ ಮೆಟ್ಟಿಲಿನ ಮನೆಗೆ ಬಂತು. ನೀವು ಬರೆದ ನಿಯಮದ ಹಾಳೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲ ಬಳಿ ನಿಲ್ಲಿಸಿದೆವು, ಒಳಗೆ ಹಾಳೆಯ ಪಕ್ಕದಲ್ಲೇ ಒಂದು ಚೀಲವನ್ನೂ ಇಟ್ಟೆವು. ಮುಂದಿನ ವರ್ಷವೇ ಸರ್ಕಾರ ಬಿದ್ದು ಮತ್ತೆ ಚುನಾವಣೆ ಬಂತು, ಗೆದ್ದೆವು. "ಐವತ್ತು ಕಿಲೋದ ಮೇಲೆ ಒಂದು ಕಾಳೂ ಇಲ್ಲ" ಎಂಬುದು ನಮ್ಮ ಘೋಷಣೆ. ಗೆದ್ದ ದಿನ ಹಮಾಲರ ಓಣಿಗಳಲ್ಲಿ ಜನ ಕುಣಿದರು.

ನಮ್ಮ ಮುಖ್ಯಮಂತ್ರಿ ಗಾದಿಲಿಂಗಪ್ಪ ಹಮಾಲಿ ಮಾಡಿಯೇ ಬಂದವನು, ಒಳ್ಳೆಯವನು. ಅವನು ಒಂದು ಪೈಸೆ ತಿನ್ನಲಿಲ್ಲ, ಈಗಲೂ ಎರಡೇ ಅಂಗಿ. ಕದ್ದವನೊಬ್ಬ ಇದ್ದಿದ್ದರೆ ಅವನ ಮೇಲೆ ಎಲ್ಲ ಹೊರಿಸಿ ನಾನು ನೆಮ್ಮದಿಯಾಗಿ ಇರುತ್ತಿದ್ದೆ. ಮೂಟೆ ಕಾಯ್ದೆಯನ್ನು ಅವನು ಮೊದಲ ವರ್ಷವೇ ತಂದ. ಅದು ತೂಕಸಮಿತಿಗೆ ಹೋಯಿತು. ಸಮಿತಿಯವರು ಒಂದು ಕೆಟ್ಟ ಮಾತೂ ಆಡಲಿಲ್ಲ. ಭಾರ ಹೊರುವುದು ಗೂಡು ತಾನೆ, ಬೆನ್ನಲ್ಲವಲ್ಲ. ಐವತ್ತು ಎನ್ನುವ ಬದಲು "ಗೂಡು ತಾಳುವಷ್ಟು" ಎಂದು ಬರೆಯಿರಿ, ಗೂಡುಗಳ ತಪಾಸಣೆಯನ್ನು ನಾವೇ ನಮ್ಮ ಖರ್ಚಿನಲ್ಲಿ ಮಾಡಿಸುತ್ತೇವೆ ಎಂದರು. ಗಾದಿಲಿಂಗಪ್ಪ ನನ್ನ ಮನೆಗೆ ಬಂದು ಚಾಪೆಯ ಮೇಲೆ ಕೂತು ಹೇಳಿದ. "ಅಕ್ಕಾ, ತಿರುಗಿ ಕಳಿಸಿದ್ರ ಎರಡು ವರ್ಷ ಕಾಯ್ದೆ ಬರಂಗಿಲ್ಲ. ನಿಧಿಯವರು ಮುನಿಸಿಕೊಂಡ್ರ ಹಂಚೂದು ತಡಾ ಮಾಡ್ತಾರ, ಗ್ವಾಡಿ ಹೊತ್ತು ಕೈ ತಪ್ಪತೈತಿ. ಇದೊಂದು ಸಲ ಒಪ್ಪಿಬಿಡೂಣು, ಮುಂದಿನ ಸಲ ಬಿಗಿ ಮಾಡೂಣು." ನಾನು ಹೂಂ ಎಂದೆ. ಮುಂದಿನ ಸಲ ಎಂಬುದು ಬಂತು, ಇನ್ನೊಂದು ಸಲವೂ ಬಂತು. ಬಿಗಿಯಾಗಲಿಲ್ಲ.

ಕಾಯ್ದೆಯಾದ ಎರಡೇ ತಿಂಗಳಿಗೆ ಮೂಟೆ ನೂರು ಕಿಲೋ ಆಯಿತು. ಗೂಡು ತಾಳುತ್ತದಲ್ಲ. ಜನರಿಗೆ ಹೇಗಿದೆ ಎಂದು ತಿಳಿಯಲು ನಮ್ಮ ಬಳಿ ಗೋಡೆಯಿತ್ತು. ಕೆಲಸ ಮುಗಿಸಿ ಹೊರಗೆ ಬರುವ ಪ್ರತಿಯೊಬ್ಬರನ್ನೂ ಮಿಲ್ಲಿನ ಗೇಟಿನ ಗೋಡೆ ಕೇಳುತ್ತಿತ್ತು, ಗೂಡು ಹೊಂದಿಕೆಯಾಗಿದೆಯೇ ಅಂತ. ಹೌದಾದರೆ ಹಸಿರು, ಇಲ್ಲವಾದರೆ ಕೆಂಪು. ನೂರಕ್ಕೆ ತೊಂಬತ್ತಾರು ಜನ ಹಸಿರಿನ ಮೇಲೆ ಕೈಯಿಟ್ಟರು. ಆ ಗೋಡೆ ಮೇಸ್ತ್ರಿಯ ಕುರ್ಚಿಗೆ ಎದುರಾಗಿಯೇ ಇತ್ತು. ಹದಿನೈದು ವರ್ಷ ಅದೇ ಗೇಟಿನಿಂದ ಒಳಗೆ ಹೋಗಿ ಹೊರಗೆ ಬಂದ ನನಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತೊಂಬತ್ತಾರು ಎಂಬ ಅಂಕೆಯನ್ನು ನಾನೇ ಸಭೆಯಲ್ಲಿ ಓದಿದೆ.

ಕಾಯ್ದೆಯಾದ ಮರುವರ್ಷ ಮೊದಲ ನೀರಿನ ಹೊತ್ತಿಗೆ ಯಮನೂರಮ್ಮನ ಗೂಡಿನ ಎಡಗಡೆಯ ಕೊಂಡಿ ಜಾರಿತು. ಲಾರಿಯ ಹಲಗೆಯ ಮೇಲಿದ್ದಳು. ನೂರು ಕಿಲೋ ಪೂರಾ ಒಂದೇ ಬದಿಗೆ ವಾಲಿ ಅವಳ ಬೆನ್ನುಮೂಳೆ ಮುರಿಯಿತು. ಇಪ್ಪತ್ತನಾಲ್ಕು ವರ್ಷದ ಹುಡುಗಿ. ಹುಸೇನಮ್ಮನ ಒಬ್ಬಳೇ ಮಗಳು. ನಾನು ಪರಿಹಾರದ ಚೆಕ್ಕು ಹಿಡಿದು ಹೋದೆ, ಜೊತೆಗೆ ಗೋಡೆಗೆ ಚಿತ್ರ ತೆಗೆಯುವವರು. ಹುಸೇನಮ್ಮ ಹೊಸ್ತಿಲಲ್ಲಿ ನಿಂತು ಚೆಕ್ಕು ತೆಗೆದುಕೊಂಡಳು. ಒಂದು ಮಾತೂ ಬೈಯಲಿಲ್ಲ. ಅವಳ ಬಾಯಿ ಬಲ್ಲ ನನಗೆ ಅದು ಚುಚ್ಚಿತು. ಆದರೆ ಇನ್ನೂ ಎರಡು ಕಾರ್ಯಕ್ರಮ ಇದ್ದವು, ಹೊರಟುಬಂದೆ. ಆಮೇಲೆ ಹತ್ತೊಂಬತ್ತು ವರ್ಷ ನಾನು ಆ ಓಣಿಗೆ ಕಾಲಿಡಲಿಲ್ಲ.

ನಾವು ಸೋತಿದ್ದರೆ ಕಣ್ಣು ತೆರೆಯುತ್ತಿತ್ತೇನೋ. ಸೋಲಲಿಲ್ಲ. ಮತ್ತೆ ಮತ್ತೆ ಗೆದ್ದೆವು, ನಿಧಿಯಿಂದ ಬರುವ ಪಾಲು ಪ್ರತಿ ಸಲವೂ ಹೆಚ್ಚಾಯಿತು.

ಹೋದ ತಿಂಗಳು ನಿನಗೆ ಕಾಗದ ಬರೆಯಲೆಂದು ಹಳೆಯ ಕೈಬರಹ ನೋಡಲು ಗಾಜಿನ ಪೆಟ್ಟಿಗೆಯ ಮುಂದೆ ನಿಂತೆ. ಅಷ್ಟು ವರ್ಷ ಅದರ ಎದುರಿಗೇ ಓಡಾಡಿದ್ದೆ, ಓದಿರಲಿಲ್ಲ. ನಿನ್ನ ಅಕ್ಷರ ಸೊಟ್ಟ, ನನ್ನ ಅಕ್ಷರದ ಹಾಗೆಯೇ. ಮೂರನೇ ನಿಯಮ ಹೀಗಿದೆ: "ಪ್ರತಿ ಗುರುವಾರ ಪ್ರತಿ ಮನೆಯಿಂದ ಒಂದು ಹಿಡಿ ಅಕ್ಕಿ ತರತಕ್ಕದ್ದು." ಅದರ ಕೆಳಗೆ ಒಂದು ಸಾಲು ಖಾಲಿ. ಆಮೇಲೆ ಹನ್ನೊಂದು ಹೆಬ್ಬೆಟ್ಟು ಮತ್ತು ಸಹಿಗಳು. ಕಟ್ಟೆಯ ಮೇಲೆ ಕೂರಬೇಕು ಎಂದು ಎಲ್ಲಿಯೂ ಬರೆದಿಲ್ಲ. ಮನೆಗೆ ಹೋದವರು ಕೂರದೆ ಬರುತ್ತಾರೆಯೇ, ಅದನ್ನೇನು ಬರೆಯುವುದು ಎಂದು ನಿಮಗೆ ಅನ್ನಿಸಿರಬೇಕು. ನಿಯಮದಲ್ಲಿ ಇದ್ದದ್ದು ಅಕ್ಕಿ. ಹಾಗಾಗಿ ಅಕ್ಕಿ ಬೇಡವಾದ ದಿನ ನಾನು ನಿಯಮವನ್ನೇ ತೆಗೆದುಹಾಕಿದೆ, ಮನಸ್ಸಿಗೆ ಏನೂ ಅನ್ನಿಸಲಿಲ್ಲ.

ಪೆಟ್ಟಿಗೆಯ ಬೀಗ ತೆಗೆಸಿ ಚೀಲ ತೆಗೆದುಕೊಂಡೆ. ಕಾವಲಿನವನು ಏನಕ್ಕ ಇದು ಎಂದ. ಒಗೆಯಲು ಎಂದೆ. ಗುರುವಾರ ಬೆಳಿಗ್ಗೆ ಹಳೆಯ ಓಣಿಗೆ ಹೋದೆ. ಮೊದಲ ಮನೆಯಲ್ಲಿ ಯಾವ ದೇವರಿಗೆ ಎಂದು ಕೇಳಿದರು. ಎರಡನೇ ಮನೆಯಲ್ಲಿ ಗೋಡೆಯಲ್ಲಿ ಬಂದಿಲ್ಲವಲ್ಲ, ಅಕ್ಕಿ ಕೊಟ್ಟರೆ ನಮ್ಮ ಪಡಿತರಕ್ಕೆ ಏನಾದರೂ ತೊಂದರೆಯೇ ಎಂದರು. ಮೂರನೆಯದು ಹುಸೇನಮ್ಮನ ಮನೆ.

"ದುರುಗಿ ಏನ?" ಎಂದಳು. ಈಗ ನನ್ನನ್ನು ಹಾಗೆ ಕರೆಯುವವರು ಬೇರೆ ಯಾರೂ ಉಳಿದಿಲ್ಲ. ನಾನು ಚೀಲ ತೋರಿಸಿದೆ. ಅವಳು ಅದನ್ನೇ ನೋಡುತ್ತಾ ನಿಂತಳು. ಒಳಗೆ ಹೋದಳು, ಹಿಡಿ ತುಂಬಾ ಅಕ್ಕಿ ತಂದು ಹಾಕಿದಳು. ಮೊದಲು ಅಕ್ಕಿ, ಮಾತೇ ಇಲ್ಲ. ನಾನು ಹಳೆಯ ರೂಢಿಯಿಂದ ಕಟ್ಟೆಯ ಕಡೆಗೆ ಹೊರಳಿದೆ.

"ಕುಂದರಬ್ಯಾಡ" ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. "ನೀವು ಬರೂದು ಬಿಟ್ಟ ಮೊದಲನೇ ಗುರುವಾರ ತಾಟಿನ್ಯಾಗ ಅಕ್ಕಿ ಇಟಗೊಂಡು ಸಂಜೀತನ ಇಲ್ಲೇ ಕುಂತಿದ್ದೆ. ಎಡಗಡೆ ಕೊಂಡಿ ಬೆವರಿಗೆ ಜಾರತೈತಿ ಅಂತ ಹೇಳಬೇಕಾಗಿತ್ತು. ನಂದೂ ಎರಡು ಸಲ ಜಾರಿತ್ತು. ನಾಕು ಗುರುವಾರ ಕುಂತೆ. ಆಮ್ಯಾಲ ಅಕ್ಕಿ ತಿರುಗಿ ಗಡಿಗಿಗಿ ಹಾಕಿದೆ." ಬಾಗಿಲು ತೆರೆದೇ ಇತ್ತು. ಒಳಗೆ ಮಂಚದ ಮೇಲೆ ಯಮನೂರಮ್ಮ ಮಲಗಿದ್ದಳು, ಮುಖ ಗೋಡೆಯ ಕಡೆಗೆ. ಹುಸೇನಮ್ಮ ದನಿ ತಗ್ಗಿಸಿದಳು. "ಕುಂದರಾಕ ಬರಲಾರದಾಕಿ ಒಬ್ಬಾಕಿ ಒಳಗ ಅದಾಳ. ಆಕಿ ಮುಂದ ನೀ ಬಂದು ಕುಂದರಬ್ಯಾಡ. ಅಕ್ಕಿ ತಗೊಂಡು ಹೋಗು."

ನಾನು ಓಣಿಯ ಬಾಯಿಯವರೆಗೂ ತಡೆದುಕೊಂಡು ಬಂದೆ. ಅಲ್ಲಿ ಮಾತುಗೋಡೆಯ ಕೆಳಗೆ ನಿಂತು ಅತ್ತೆ. ಗೋಡೆ ನನ್ನ ಗುರುತು ಹಿಡಿದು ನಮಸ್ಕಾರ ಹೇಳಿತು, ಇಂದು ನೀವು ಸಂತೋಷವಾಗಿದ್ದೀರಾ ಎಂದು ಕೇಳಿತು.

ಆ ಸಾಲು ಇದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂದು ನಾನು ಹೇಳುವುದಿಲ್ಲ, ಹುಲಿಗೆಮ್ಮ. ಚೀಲ ಬಿಡದಿದ್ದರೆ ನಿಧಿ ಸಿಗುತ್ತಿರಲಿಲ್ಲ, ನಿಧಿ ಇಲ್ಲದಿದ್ದರೆ ಗೋಡೆ ಇಲ್ಲ, ಗೋಡೆ ಇಲ್ಲದಿದ್ದರೆ ನಾವು ಬಹುಶಃ ಗೆಲ್ಲುತ್ತಲೇ ಇರಲಿಲ್ಲ. ಬೇರೆ ಯಾರೋ ಆಳುತ್ತಿದ್ದರು, ಮೂಟೆ ಆಗಲೂ ನೂರು ಕಿಲೋ ಆಗುತ್ತಿತ್ತೇನೋ. ಆದರೆ ಆ ಕೊಂಡಿಯ ಸುದ್ದಿ ಗುರುವಾರ ನನ್ನ ಕಿವಿಗೆ ಬೀಳುತ್ತಿತ್ತು, ಶುಕ್ರವಾರ ಊಟದಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು, ಶನಿವಾರ ನಾವು ಇನ್ನೂರು ಹೆಂಗಸರು ಮಿಲ್ಲಿನ ಗೇಟಿಗೆ ಅಡ್ಡ ಕೂರುತ್ತಿದ್ದೆವು, ಒಂದು ಕೊಂಡಿಗಾಗಿ. ಅಷ್ಟು ಮಾಡುವ ಶಕ್ತಿ ಸೋತ ಪಕ್ಷಕ್ಕೂ ಇತ್ತು. ಆಳುವ ಪಕ್ಷವಾದ ನಮಗೆ ಅದು ಇರಲಿಲ್ಲ. ಯಮನೂರಮ್ಮ ಇವತ್ತು ಎದ್ದು ಓಡಾಡುತ್ತಿದ್ದಳು. ನಲವತ್ತಮೂರು ವರ್ಷ ಅವಳಿಗೆ ಈಗ.

ಗಾದಿಲಿಂಗಪ್ಪನಿಗೂ ಹೇಳಿದೆ. "ಈಗ ಚೀಲ ತಗೊಂಡು ಹೋದ್ರ ಪಕ್ಷದ ಮಾನ್ಯತೆ ರದ್ದಾಗತೈತಿ ಅಕ್ಕಾ, ಕಾಯ್ದೆ ಐತಿ" ಎಂದ. ಆ ಕಾಯ್ದೆಗೆ ಕೈ ಎತ್ತಿದವರು ನಾವೇ. ಚೀಲವನ್ನು ವಾಪಸ್ಸು ಪೆಟ್ಟಿಗೆಯಲ್ಲಿಟ್ಟೆ. ಒಳಗಿನ ಹಿಡಿ ಅಕ್ಕಿಯನ್ನು ತೆಗೆದಿಟ್ಟುಕೊಂಡಿದ್ದೇನೆ, ಬೇಯಿಸಲು ಮನಸ್ಸಾಗಿಲ್ಲ.

ಆದ್ದರಿಂದ ನಿನ್ನಲ್ಲಿ ಒಂದು ಬೇಡಿಕೆ. ಬೇವಿನ ಗಿಡದ ಕೆಳಗೆ ಕೂತಾಗ ಮೂರನೇ ನಿಯಮ ಬರೆದು ಪೆನ್ನಿನ ಮುಚ್ಚಳ ಹಾಕಬೇಡ. ಕೆಳಗಿನ ಸಾಲಿನಲ್ಲಿ ಬರೆ: ಹೋದವರು ಕಟ್ಟೆಯ ಮೇಲೆ ಕೂರತಕ್ಕದ್ದು, ಮನೆಯವರು ಸಾಕು ಎನ್ನುವವರೆಗೆ ಏಳಬಾರದು, ಅಕ್ಕಿ ಇದ್ದರೂ ಇಲ್ಲದಿದ್ದರೂ. ಉಳಿದ ಹತ್ತು ಜನ ನಗುತ್ತಾರೆ. ಇದನ್ನೂ ಬರೀಬೇಕೇನ ಎನ್ನುತ್ತಾರೆ. ನಗಲಿ, ನೀನು ಬರೆ. ಅಕ್ಷರ ಸೊಟ್ಟವಾದರೂ ಚಿಂತೆಯಿಲ್ಲ, ನಾನು ಓದಬಲ್ಲೆ. ಆ ದಿನ ಸಭೆಯಲ್ಲಿ ಎದ್ದು ನಿಲ್ಲುವ ನನ್ನಂಥವಳು ಅಕ್ಕಿಯನ್ನು ತೆಗೆದುಹಾಕಬಹುದು. ಆ ಸಾಲನ್ನು ತೆಗೆಯಬೇಕಾದರೆ ಅದನ್ನು ಎಲ್ಲರ ಮುಂದೆ ಜೋರಾಗಿ ಓದಲೇಬೇಕಾಗುತ್ತದೆ. ಓದುವಾಗ ನನಗೆ ನಾಚಿಕೆಯಾದೀತು ಎಂಬ ನಂಬಿಕೆ ಇದೆ.

ಈ ಕಾಗದವನ್ನು ಇವತ್ತು ಮಧ್ಯಾಹ್ನ ಹಿಂದಂಚೆಗೆ ಕೊಡುತ್ತೇನೆ. ರಸೀದಿ ಬರುವುದಿಲ್ಲ. ಆದರೆ ನೀನು ಬರೆದರೆ ಅದು ಆ ಹಾಳೆಯ ಮೇಲೆ ನೂರೈವತ್ತು ವರ್ಷದಿಂದಲೂ ಇರಬೇಕು, ಅಲ್ಲವೇ? ನಾಳೆ ಗುರುವಾರ. ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದ ಕೂಡಲೇ ಪೆಟ್ಟಿಗೆಯ ಮುಂದೆ ಹೋಗಿ ನಿಲ್ಲುತ್ತೇನೆ. ಇವತ್ತು ಬರುವಾಗಲೂ ನೋಡಿ ಬಂದೆ, ಮೂರನೇ ನಿಯಮದ ಕೆಳಗೆ ಇನ್ನೂ ಏನೂ ಇಲ್ಲ.

ನಿನ್ನ ಮರಿಮೊಮ್ಮಗಳ ಮಗಳು,
ದುರುಗಮ್ಮ